ಹಳೆಯ ಯುದ್ಧವಿಮಾನದ ಕಾಕ್‌ಪಿಟ್: ಹವ್ಯಾಸ ಮತ್ತು ಆರೋಗ್ಯ

ಹಳೆಯದನ್ನು ಎಸೆಯದೆ ಜೋಪಾನ ಮಾಡುವ ವಿಷಯದಲ್ಲಿ ಗುಜರಾತಿನ ಜನರನ್ನು ಮೀರಿಸುವುದು ಕಷ್ಟ. ಅಹಮದಾಬಾದಿನ ಕ್ಯಾಲಿಕೋ ಸಂಗ್ರಹಾಲಯದಲ್ಲಿ ಶತಮಾನಗಳ ಹಿಂದಿನ ವಸ್ತ್ರಗಳು ಮಬ್ಬು ಬೆಳಕಿನಲ್ಲಿ ಸುರಕ್ಷಿತವಾಗಿವೆ. ನಗರದ ಹೊರವಲಯದ ಕಠವಾಡಾದಲ್ಲಿ ಒಬ್ಬ ಗೃಹಸ್ಥರು ಕೂಡಿಸಿದ ಹಳೆಯ ಮೋಟಾರುಗಳ ಸಂಗ್ರಹವು ದೇಶವಿದೇಶಗಳಲ್ಲಿ ಹೆಸರಾಯಿತು. ವಿಶಾಲಾದಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳಿಗೇ ಒಂದು ಸಂಗ್ರಹಾಲಯವನ್ನು ಕಟ್ಟಿದರು. ವಡೋದರಾದ ಸಯಾಜಿರಾವ್ ವಿಶ್ವವಿದ್ಯಾಲಯವಂತೂ 1952ರಷ್ಟು ಹಿಂದೆಯೇ ಸಂಗ್ರಹಾಲಯ ಶಾಸ್ತ್ರದ ಬೋಧನೆಯನ್ನು ಆರಂಭಿಸಿತು. ಇಂತಹ ನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ, ಅದರಲ್ಲೂ ವಾಯುಪಡೆಯಲ್ಲೋ ಕಾರಖಾನೆಯಲ್ಲೋ ದುಡಿದು ನಿವೃತ್ತರಾದವರಿಗೆ, ಹಳೆಯ ಯಂತ್ರಗಳ ಮೇಲೆ ಮಮತೆ ಹುಟ್ಟಿದರೆ ಆಶ್ಚರ್ಯವೇನೂ ಇಲ್ಲ.

ಇಂಗ್ಲೆಂಡಿನಲ್ಲಿ ಕೆಲವು ದಶಕಗಳಿಂದ ಈ ಮಮತೆಯು ಒಂದು ವಿಚಿತ್ರ ರೂಪವನ್ನು ತಾಳಿದೆ. ಸೇವೆಯಿಂದ ನಿವೃತ್ತವಾದ ಯುದ್ಧವಿಮಾನದ ಕಾಕ್‌ಪಿಟ್ಟನ್ನು, ಎಂದರೆ ಚಾಲಕನು ಕುಳಿತು ವಿಮಾನವನ್ನು ನಡೆಸುವ ಮುಂಭಾಗದ ಗೂಡನ್ನು ಮಾತ್ರ, ಮನೆಗೆ ತಂದು ಅದನ್ನು ಮೊದಲಿನ ಸ್ಥಿತಿಗೆ ತರುವುದೇ ಆ ಹವ್ಯಾಸ. ಇಡೀ ವಿಮಾನವನ್ನು ಇಟ್ಟುಕೊಳ್ಳಲು ಹ್ಯಾಂಗರು ಬೇಕು, ಹಣವೂ ಬೇಕು. ಮೂಗಿನ ಭಾಗವಾದರೆ ಒಂದು ಮೋಟಾರು ಶೆಡ್ಡಿನಲ್ಲಿ ಹಿಡಿಯುತ್ತದೆ. ವಿಮಾನವನ್ನು ಗುಜರಿಗೆ ಕತ್ತರಿಸುವಾಗ ಯಾರೋ ಪುಣ್ಯಾತ್ಮರು ಆ ಭಾಗವನ್ನು ಬೇಡಿ ಪಡೆದು, ಕಿತ್ತುಹೋದ ಗಡಿಯಾರಗಳನ್ನೂ ಸ್ವಿಚ್ಚುಗಳನ್ನೂ ವರ್ಷಗಟ್ಟಲೆ ಹುಡುಕಿ ಒಂದೊಂದಾಗಿ ಜೋಡಿಸುತ್ತಾರೆ. ನಾಟಿಂಗ್‌ಹ್ಯಾಮ್‌ಷೈರಿನ ನ್ಯೂಅರ್ಕ್ ವಿಮಾನ ಸಂಗ್ರಹಾಲಯದಲ್ಲಿ ಇಂತಹ ಕಾಕ್‌ಪಿಟ್ಟುಗಳ ಜಾತ್ರೆಯೇ ನಡೆಯುವುದುಂಟು. ಜನರು ತಮ್ಮ ತಮ್ಮ ಗೂಡುಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬಂದು, ದೀಪ ಹಚ್ಚಿ, ಮಕ್ಕಳನ್ನು ಕೂರಿಸಿ ತೋರಿಸುತ್ತಾರೆ.

ನಮ್ಮ ದೇಶದಲ್ಲಿ ಖಾಸಗಿ ವ್ಯಕ್ತಿಗೆ ಇದು ಸುಲಭವಲ್ಲ. ನಿವೃತ್ತ ವಿಮಾನಗಳನ್ನು ವಾಯುಪಡೆಯು ಸಂಗ್ರಹಾಲಯಗಳಿಗೂ ವಿದ್ಯಾಸಂಸ್ಥೆಗಳಿಗೂ ಕೊಡುತ್ತದೆ. ಉಳಿದ ಬಿಡಿಭಾಗಗಳು ಹರಾಜಿನ ದಾರಿ ಹಿಡಿಯುತ್ತವೆ. 1963ರಲ್ಲಿ ಸೇವೆಗೆ ಸೇರಿದ ಮಿಗ್-21 ವಿಮಾನವು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಅಂತಹ ವಿಮಾನಗಳ ತುಣುಕುಗಳನ್ನು ಹುಡುಕುವವರು ಇನ್ನು ಹೆಚ್ಚಾದಾರು. ಗುಜರಾತಿನಲ್ಲಿ ಹುಡುಕುವವನಿಗೆ ಸ್ಥಳಗಳೂ ಉಂಟು. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಮೇಲೆ ಭಾನುವಾರ ನೆರೆಯುವ ಗುಜರಿ ಬಜಾರು, ಭಾವನಗರದ ಬಳಿ ಹಡಗುಗಳನ್ನು ಒಡೆಯುವ ಅಲಂಗ್ ತೀರದ ರಸ್ತೆಯುದ್ದಕ್ಕೂ ಸಾಲಾಗಿರುವ ಅಂಗಡಿಗಳು, ಎಲ್ಲ ಊರುಗಳ ಭಂಗಾರದ ಮಳಿಗೆಗಳು. (ಕನ್ನಡದ ಕಿವಿಗೆ ಬಂಗಾರವೆಂದು ಕೇಳಿಸುವ ಈ ಮಾತಿಗೆ ಗುಜರಾತಿಯಲ್ಲಿ ಹಳೆಯ ಕಬ್ಬಿಣವೆಂದು ಅರ್ಥ. ಸಂಗ್ರಾಹಕನ ಮಟ್ಟಿಗೆ ಎರಡೂ ಅರ್ಥಗಳು ಸರಿ.) ನಮ್ಮ ನೌಕಾಪಡೆಯ ವಿಮಾನವಾಹಕ ನೌಕೆ ವಿರಾಟ್ ಕೂಡ 2020ರಲ್ಲಿ ಅಲಂಗಿಗೇ ಬಂದು ತುಂಡಾಯಿತು.

ಇಷ್ಟಕ್ಕೂ ಕಾಕ್‌ಪಿಟ್ಟಿನ ಒಂದಂಶವು ಪೇಟೆಗೆ ಹೋಗದೆಯೇ ಮನೆಯಲ್ಲಿ ಇರಬಹುದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ವಡೋದರಾ, ಜಾಮನಗರ, ಭುಜ್ ನೆಲೆಗಳಲ್ಲಿ ಸೇವೆ ಸಲ್ಲಿಸಿದವರ ಮನೆಯ ಶೋಕೇಸಿನಲ್ಲಿ, ಗಣಪತಿಯ ವಿಗ್ರಹದ ಪಕ್ಕದಲ್ಲಿ, ಕಪ್ಪು ಮುಖದ ಒಂದು ಎತ್ತರಮಾಪಕವೋ ದಿಕ್ಸೂಚಿಯೋ ಕುಳಿತಿರುವುದು ಅಪರೂಪವೇನಲ್ಲ. ಆರೋಗ್ಯದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಆ ಪ್ರಶ್ನೆಗೆ ಬರುವ ಮೊದಲು, ಈ ಹವ್ಯಾಸವು ನಮ್ಮವರಿಗೆ ತೀರ ಪರಕೀಯವಲ್ಲವೆಂಬುದನ್ನು ತಿಳಿಯುವುದು ಒಳ್ಳೆಯದು.

ಮೈಸೂರು, ಬರೋಡ ಮತ್ತು ವಿಮಾನ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಎರಡು ಸ್ಪಿಟ್‌ಫೈರ್ ದಳಗಳು ನಮ್ಮ ಎರಡು ಸಂಸ್ಥಾನಗಳ ಹೆಸರನ್ನು ಹೊತ್ತು ಹೋರಾಡಿದವು. 1941ರಲ್ಲಿ ರೂಪುಗೊಂಡ 124ನೆಯ ದಳ ‘ಬರೋಡ’ ದಳವಾದರೆ, ಅದೇ ವರ್ಷದ 129ನೆಯದು ‘ಮೈಸೂರು’ ದಳ. ಯುದ್ಧನಿಧಿಗೆ ಆ ಸಂಸ್ಥಾನಗಳು ಸಲ್ಲಿಸಿದ ದೇಣಿಗೆಯ ಸ್ಮರಣೆಗಾಗಿ ಇಟ್ಟ ಹೆಸರುಗಳಿವು. ಮೈಸೂರು ದಳದ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ! ಇಂಗ್ಲಿಷ್ ಕಾಲುವೆಯ ಮೇಲೆ ಹಾರಿದ ಚಾಲಕರಲ್ಲಿ ಎಷ್ಟು ಮಂದಿ ಆ ಎರಡು ತಲೆಯ ಹಕ್ಕಿಯ ಅರ್ಥವನ್ನು ಬಲ್ಲವರಾಗಿದ್ದರೋ!

ಬೆಂಗಳೂರಿನ ವಿಮಾನ ಕಾರಖಾನೆಯ ಹುಟ್ಟಿನಲ್ಲಿಯೂ ಗುಜರಾತಿನ ಪಾಲುಂಟು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದರು ಸೊಲ್ಲಾಪುರದಲ್ಲಿ ಹುಟ್ಟಿದವರು. ಅವರ ಮನೆತನ ಮಾತ್ರ ಕಾಠೇವಾಡದ ವಾಂಕಾನೇರದ್ದು. ಮೈಸೂರು ಸರ್ಕಾರವು 25 ಲಕ್ಷ ರೂಪಾಯಿಗಳ ಬಂಡವಾಳವನ್ನು ಹೂಡಿತು. ಗುಜರಾತಿ ಸಾಹಸವೂ ಕನ್ನಡದ ನೆಲವೂ ಕೂಡಿದ ಆ ಕಾರಖಾನೆಯೇ ಇಂದಿನ ಎಚ್.ಎ.ಎಲ್.

ಹಳೆಯ ಯುದ್ಧವಿಮಾನವನ್ನು ಮತ್ತೆ ಜೀವಂತಗೊಳಿಸಿದ ಮಹಾಸಾಹಸವೊಂದು ನಡೆದದ್ದೂ ಅಲ್ಲಿಯೇ. ಯುದ್ಧ ಮುಗಿದಾಗ ಕಾನ್‌ಪುರದ ಮೈದಾನದಲ್ಲಿ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಬಾಂಬರುಗಳು ರಾಶಿ ಬಿದ್ದಿದ್ದವು. ಕರಾರಿನಂತೆ ಅವು ಬೇರೆಯವರ ಬಳಕೆಗೆ ಸಿಕ್ಕಬಾರದಾಗಿತ್ತು. ಆದುದರಿಂದ ಬ್ರಿಟಿಷರು ಹೊರಡುವ ಮುನ್ನ ಅವುಗಳ ಉಪಕರಣಗಳನ್ನು ಒಡೆದು, ಎಂಜಿನುಗಳಿಗೆ ಮರಳು ಸುರಿದು, ಮೈಗೆ ತೂತು ಕೊರೆದು ಕೆಡಿಸಿ ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾದಾಗ, 1948ರಲ್ಲಿ, ಎಚ್.ಎ.ಎಲ್. ಸಂಸ್ಥೆಯ ಯಲ್ಲಪ್ಪನವರ ತಂಡವು ಕಾನ್‌ಪುರಕ್ಕೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟು ಮಾಡಿತು. ಪರೀಕ್ಷಾ ಚಾಲಕ ಜಮ್‌ಷೆಡ್ ಮುನ್ಶಿಯವರು ಆ ಜೀರ್ಣ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾಗಿ ಸುಮಾರು ನಲವತ್ತು ವಿಮಾನಗಳು ವಾಯುಪಡೆಗೆ ಸೇರಿದವು. ಅವು 1968ರವರೆಗೆ ದುಡಿದವು. ಲಿಬರೇಟರುಗಳು ಲೋಕದಲ್ಲೆಲ್ಲ ನಿರ್ನಾಮವಾಗುತ್ತಿದ್ದ ಕಾಲದಲ್ಲಿ ನಮ್ಮವು ಮಾತ್ರ ಉಳಿದಿದ್ದವು. ಅವನ್ನು ಹುಟ್ಟಿಸಿದ ಅಮೆರಿಕವೂ ಕೆಡಿಸಿ ಹೋದ ಬ್ರಿಟನ್ನೂ ಮುಂದೆ ನಮ್ಮಿಂದಲೇ ಅವನ್ನು ಪಡೆದು ತಮ್ಮ ಸಂಗ್ರಹಾಲಯಗಳಲ್ಲಿ ನಿಲ್ಲಿಸಿಕೊಂಡವು. ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯಕ್ಕೆ ಒಂದು 1974ರಲ್ಲಿ ಹೋಯಿತು.

ಬೆಂಗಳೂರಿಗೆ ರಜೆಗೆ ಹೋದವರು 2001ರಲ್ಲಿ ತೆರೆದ ಎಚ್.ಎ.ಎಲ್. ಪರಂಪರಾ ಕೇಂದ್ರವನ್ನು ಮಕ್ಕಳಿಗೆ ತೋರಿಸಬಹುದು. 1961ರ ಜೂನ್ 17ರಂದು ಮೊದಲು ಹಾರಿದ ಮಾರುತ ಯುದ್ಧವಿಮಾನವು ಅಲ್ಲಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿಯೂ ಇನ್ನೊಂದಿದೆ. ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರು, ಡಕೋಟ ಚಾಲಕರಾಗಿದ್ದ ತಮ್ಮ ತಂದೆಯವರ ಗೌರವಾರ್ಥ, ಹಳೆಯ ಡಕೋಟ ವಿಮಾನವೊಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಒಪ್ಪಿಸಿದರು. ‘ಪರಶುರಾಮ’ ಎಂದು ಅದಕ್ಕೆ ಹೆಸರು.

ಕತ್ತಲೆಯಲ್ಲಿ ಹೊಳೆಯುವ ಅಂಕಿಗಳು

ಈಗ ಶೋಕೇಸಿನ ಆ ಕಪ್ಪು ಗಡಿಯಾರಕ್ಕೆ ಮರಳೋಣ. ಸ್ಪಿಟ್‌ಫೈರಿನಂತಹ ವಿಮಾನದಲ್ಲಿ ಚಾಲಕನ ಮುಖಕ್ಕೆ ನೇರವಾಗಿ ಆರು ಮುಖ್ಯ ಉಪಕರಣಗಳಿರುತ್ತವೆ: ವೇಗ, ಎತ್ತರ, ಏರಿಳಿತ, ದಿಕ್ಕು, ತಿರುವು ಮತ್ತು ಕೃತಕ ದಿಗಂತ. ಅವುಗಳ ಸುತ್ತ ಎಂಜಿನಿನ ಶಾಖ, ತೈಲ, ಇಂಧನಗಳನ್ನು ತಿಳಿಸುವ ಚಿಕ್ಕ ಡಯಲುಗಳು. ರಾತ್ರಿಯ ಹಾರಾಟದಲ್ಲಿ ಇವನ್ನೆಲ್ಲ ಓದಬೇಕು. ಆದರೆ ದೀಪ ಹಚ್ಚಿದರೆ ಕಣ್ಣು ಕೋರೈಸುತ್ತದೆ. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗೆ ಅರ್ಧ ಗಂಟೆಯಷ್ಟು ಕಾಲ ಬೇಕು. ಒಂದು ಕ್ಷಣದ ಬೆಳಕು ಅದನ್ನು ಕೆಡಿಸಿಬಿಡುತ್ತದೆ. ಆದ್ದರಿಂದ ಅಂಕಿಗಳಿಗೂ ಮುಳ್ಳುಗಳಿಗೂ ತಾನಾಗಿಯೇ ಹೊಳೆಯುವ ಬಣ್ಣವನ್ನು ಬಳಿದರು. ಆ ಬಣ್ಣದಲ್ಲಿ ಇದ್ದದ್ದು ರೇಡಿಯಮ್.

1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ಈ ಧಾತುವು ಸದಾ ವಿಕಿರಣಗಳನ್ನು ಹೊರಸೂಸುತ್ತದೆ. ಅದನ್ನು ಸತುವಿನ ಸಲ್ಫೈಡಿನೊಡನೆ ಕಲಸಿದರೆ, ವಿಕಿರಣದ ಹೊಡೆತಕ್ಕೆ ಸಲ್ಫೈಡು ಹಸಿರು ಕಾಂತಿಯಿಂದ ಬೆಳಗುತ್ತದೆ. ವರ್ಷಗಳು ಕಳೆದಂತೆ ಅದೇ ಹೊಡೆತದಿಂದ ಸಲ್ಫೈಡು ಸವೆದು ಹೊಳಪು ನಂದಿಹೋಗುತ್ತದೆ. ಜನರು ಮೋಸಹೋಗುವುದು ಇಲ್ಲಿಯೇ. ಹೊಳೆಯುವುದು ನಿಂತಿತೆಂದರೆ ಅದರ ಶಕ್ತಿ ಮುಗಿಯಿತೆಂದು ಅವರ ಭಾವನೆ. ರೇಡಿಯಮ್ಮಿನ ಅರ್ಧಾಯುಷ್ಯ 1600 ವರ್ಷಗಳು. 1943ರಲ್ಲಿ ಬಳಿದ ಬಣ್ಣದಲ್ಲಿ ಇಂದಿಗೆ ನೂರಕ್ಕೆ ಸುಮಾರು ಮೂರೂವರೆ ಪಾಲು ಮಾತ್ರ ಕಡಿಮೆಯಾಗಿರುತ್ತದೆ. ಅದರ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗದಿಂದಲೂ ಸೆಕೆಂಡಿಗೆ 37,000 ಪರಮಾಣುಗಳು ಸಿಡಿಯುತ್ತಿರುತ್ತವೆ.

ಇದರ ಬಹುಪಾಲು ಶಕ್ತಿ ಆಲ್ಫಾ ಕಣಗಳಲ್ಲಿರುತ್ತದೆ. ಅವನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ನಮ್ಮ ಚರ್ಮದ ಮೇಲ್ಪದರವೂ ತಡೆಯಬಲ್ಲದು. ಹೊರಗಿದ್ದಾಗ ಹೀಗೆ ದುರ್ಬಲವಾದದ್ದು, ಧೂಳಾಗಿ ಮೂಗು ಬಾಯಿಗಳ ಮೂಲಕ ದೇಹವನ್ನು ಹೊಕ್ಕಿತೆಂದರೆ ಘೋರವಾಗುತ್ತದೆ. ರಸಾಯನಗುಣದಲ್ಲಿ ರೇಡಿಯಮ್ ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮಿನ ಬಂಧು. ಶರೀರವು ಅದನ್ನು ಕ್ಯಾಲ್ಸಿಯಮ್ ಎಂದೇ ಭ್ರಮಿಸಿ ಮೂಳೆಯೊಳಗೆ ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಅದು ಜೀವಮಾನವಿಡೀ ಅಸ್ಥಿಯನ್ನೂ ಮಜ್ಜೆಯನ್ನೂ ಒಳಗಿನಿಂದಲೇ ಸುಡುತ್ತಿರುತ್ತದೆ.

ಈ ಸತ್ಯವನ್ನು ಜಗತ್ತಿಗೆ ಕಲಿಸಿದವರು ಅಮೆರಿಕದ ನ್ಯೂಜೆರ್ಸಿಯ ಒಂದು ಕಾರಖಾನೆಯಲ್ಲಿ ಡಯಲುಗಳಿಗೆ ಬಣ್ಣ ಬಳಿಯುತ್ತಿದ್ದ ತರುಣಿಯರು. ಮೊದಲನೆಯ ಮಹಾಯುದ್ಧದ ಕಾಲದಿಂದ ಈ ಕೆಲಸ ನಡೆದಿತ್ತು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಒತ್ತಿಕೊಳ್ಳುವುದು ಅಲ್ಲಿಯ ರೂಢಿ. ಕೆಲವು ವರ್ಷಗಳಲ್ಲಿ ಅವರ ಹಲ್ಲುಗಳು ಸಡಿಲವಾದವು, ದವಡೆಯ ಮೂಳೆ ಕೊಳೆಯಿತು, ರಕ್ತಹೀನತೆ ಆವರಿಸಿತು, ಅನೇಕರು ಸತ್ತರು. ವೈದ್ಯಾಧಿಕಾರಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1925ರಲ್ಲಿ ಕಾರಣವನ್ನು ಬಯಲುಮಾಡಿದರು. ಗ್ರೇಸ್ ಫ್ರಾಯರ್ ಎಂಬಾಕೆಯೂ ಆಕೆಯ ನಾಲ್ವರು ಸಂಗಡಿಗರೂ ನ್ಯಾಯಾಲಯದ ಮೆಟ್ಟಿಲೇರಿ 1928ರಲ್ಲಿ ಪರಿಹಾರ ಪಡೆದರು. ಆ ಹೊತ್ತಿಗೆ ಅವರಲ್ಲಿ ಕೆಲವರು ಪ್ರಮಾಣವಚನಕ್ಕೆ ಕೈಯೆತ್ತಲೂ ಆಗದಷ್ಟು ಕ್ಷೀಣಿಸಿದ್ದರು. ಇಂದು ಕಾರ್ಮಿಕರ ರಕ್ಷಣೆಗಾಗಿ ಇರುವ ವಿಕಿರಣದ ಮಿತಿಗಳ ಹಿಂದೆ ಆ ಹೆಣ್ಣುಮಕ್ಕಳ ಮೂಳೆಗಳಿವೆ.

ರೇಡಿಯಮ್ಮಿನ ಇನ್ನೊಂದು ಕಾಟವೂ ಉಂಟು. ಅದು ಸಿಡಿದಾಗ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಧೂಮಪಾನವನ್ನು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ರೇಡಾನ್ ಅತಿ ಮುಖ್ಯವಾದ ಕಾರಣಗಳಲ್ಲೊಂದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಹಳೆಯ ಉಪಕರಣಗಳ ಅಂಚಿನ ರಬ್ಬರು ಒಣಗಿ ಬಿರಿದಿರುವುದರಿಂದ ಅನಿಲವು ಹೊರಬೀಳುತ್ತದೆ. 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ರೇಡಿಯಮ್ ಬಳಿದ 30 ಹಳೆಯ ಕೈಗಡಿಯಾರಗಳನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ, ರೇಡಾನಿನ ಪ್ರಮಾಣವು ಅಲ್ಲಿಯ ಸುರಕ್ಷಿತ ಮಟ್ಟಕ್ಕಿಂತ 134 ಪಟ್ಟು ಏರಿತ್ತು. ಕೈಗಡಿಯಾರದ ಮುಖಕ್ಕಿಂತ ವಿಮಾನದ ಡಯಲು ಎಷ್ಟು ದೊಡ್ಡದೆಂಬುದನ್ನು ವಾಚಕರು ಊಹಿಸಬಹುದು.

ಇದನ್ನು ಓದಿ ಯಾರೂ ಗಾಬರಿಯಾಗಬೇಕಾದುದಿಲ್ಲ. ಗಾಜು ಭದ್ರವಾಗಿರುವ ಒಂದೇ ಒಂದು ಡಯಲು, ಗಾಳಿಯಾಡುವ ಹಜಾರದಲ್ಲಿ, ಜನರು ಕೂಡುವ ಸ್ಥಳದಿಂದ ಒಂದೆರಡು ಮೀಟರು ದೂರದಲ್ಲಿದ್ದರೆ ಅದರಿಂದ ತಗಲುವ ವಿಕಿರಣ ಅತ್ಯಲ್ಪ. ದೂರ ಎರಡು ಪಟ್ಟಾದರೆ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಮುಚ್ಚಿದ ಮಲಗುವ ಕೋಣೆಯಲ್ಲಿ ಹತ್ತಾರು ಡಯಲುಗಳ ಫಲಕವನ್ನಿಡುವುದು ಬೇರೆ ಮಾತು. ಹವಾನಿಯಂತ್ರಣಕ್ಕಾಗಿ ಕಿಟಕಿಗಳನ್ನು ಸದಾ ಮುಚ್ಚಿಕೊಳ್ಳುವ ಇಂದಿನ ಫ್ಲಾಟುಗಳಲ್ಲಿ ಅದು ಅವಿವೇಕ. ಎಲ್ಲಕ್ಕಿಂತ ದೊಡ್ಡ ಅವಿವೇಕವೆಂದರೆ ಡಯಲನ್ನು ಬಿಚ್ಚುವುದು. ಒಣಗಿದ ಬಣ್ಣವು ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಊಟದ ಮೇಜಿನ ಮೇಲೆ ಗಾಜು ತೆಗೆದು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಾಯಿಯಿಂದ ಊದಿದವನು ನ್ಯೂಜೆರ್ಸಿಯ ಆ ತರುಣಿಯರು ಮಾಡಿದ್ದನ್ನೇ ಮತ್ತೆ ಮಾಡಿದಂತಾಯಿತು. ವೇಗಮಾಪಕದ ಹಿಂದಿನ ನಳಿಕೆಗೆ ಬಾಯಿಟ್ಟು ಊದಿ ಮುಳ್ಳು ಓಡುವುದನ್ನು ನೋಡುವ ಚಪಲ ಅನೇಕರಿಗೆ ಉಂಟು. ಅದರಿಂದ ಒಳಗಿನ ತೆಳು ಲೋಹದ ಕೋಶ ಹರಿಯುತ್ತದೆ. ಊದಿದ ಉಸಿರು ಒಳಗಿನ ಧೂಳನ್ನೂ ಕದಡುತ್ತದೆ.

ಗುರುತಿಸುವುದು ಹೇಗೆ?

ಮಹಾಯುದ್ಧ ಕಾಲದ ಉಪಕರಣದ ಅಂಕಿಗಳ ಮೇಲೆ ದಪ್ಪನಾದ, ಕೆನೆ ಅಥವಾ ಕಂದು ಬಣ್ಣಕ್ಕೆ ತಿರುಗಿದ ಲೇಪವಿದ್ದರೆ ಅದನ್ನು ರೇಡಿಯಮ್ ಎಂದೇ ತಿಳಿಯತಕ್ಕದ್ದು. 1950ರ ದಶಕದ ಬ್ರಿಟಿಷ್ ಮತ್ತು ರಷ್ಯನ್ ಉಪಕರಣಗಳಲ್ಲಿಯೂ ಅದು ಇರುವ ಸಂಭವ ಸಾಕಷ್ಟಿದೆ. ತರುವಾಯ ವಿದ್ಯುದ್ದೀಪಗಳೂ, ಕೇವಲ ಹನ್ನೆರಡು ವರ್ಷಗಳ ಅರ್ಧಾಯುಷ್ಯವುಳ್ಳ ಟ್ರಿಶಿಯಮ್ ಬಣ್ಣವೂ ಬಂದವು. ಮೇಲೆ ಎಚ್ಚರಿಕೆಯ ಗುರುತು ಇಲ್ಲದಿರುವುದು ರೇಡಿಯಮ್ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು; ಕತ್ತಲೆಯಲ್ಲಿ ಹೊಳೆಯದಿರುವುದೂ ಸಾಕ್ಷಿಯಾಗದು. ಸರಿಯಾದ ಸಾಕ್ಷಿ ಗೈಗರ್ ಕೌಂಟರ್ ಯಂತ್ರದ್ದು. ಆಲ್ಫಾ ಕಣಗಳು ಗಾಜನ್ನು ದಾಟಲಾರವಾದರೂ ಜೊತೆಗಿರುವ ಬೀಟಾ, ಗಾಮಾ ಕಿರಣಗಳು ದಾಟಿ ಬರುತ್ತವೆ. ಸುತ್ತಲಿನ ಸಹಜ ವಿಕಿರಣಕ್ಕಿಂತ ಹಲವು ಪಟ್ಟು ಹೆಚ್ಚು ಎಣಿಕೆ ಬಂದರೆ ಸಂದೇಹ ಉಳಿಯುವುದಿಲ್ಲ.

ಹಾಗೆ ಗೊತ್ತಾದ ವಸ್ತುವನ್ನು ಕಸದ ಬುಟ್ಟಿಗೂ ಭಂಗಾರದವನಿಗೂ ಕೊಡಕೂಡದು. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಆದದ್ದು ನೆನಪಿನಲ್ಲಿರಬೇಕು. ಬಳಕೆ ತಪ್ಪಿದ ಒಂದು ಪ್ರಯೋಗಾಲಯದ ಯಂತ್ರ ಹರಾಜಿನಲ್ಲಿ ಅಲ್ಲಿಗೆ ಬಂದಿತ್ತು. ಅದರೊಳಗಿನ ಕೋಬಾಲ್ಟ್-60 ಏನೆಂದು ತಿಳಿಯದ ಕೆಲಸಗಾರರು ಅದನ್ನು ಬಿಚ್ಚಿದರು. ಒಬ್ಬನು ಪ್ರಾಣ ಕಳೆದುಕೊಂಡನು, ಹಲವರು ಆಸ್ಪತ್ರೆ ಸೇರಿದರು. ಡಯಲಿನ ರೇಡಿಯಮ್ ಅಷ್ಟು ಪ್ರಬಲವಲ್ಲ. ಆದರೂ ಡಯಲನ್ನು ಕುಲುಮೆಗೆ ಹಾಕುವ ಕೂಲಿಯವನಿಗೆ ಅದರ ವಿಷಯ ತಿಳಿದಿರುವುದಿಲ್ಲ. ದೇಶದಲ್ಲಿ ವಿಕಿರಣ ವಸ್ತುಗಳ ಮೇಲ್ವಿಚಾರಣೆಗೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮುಂಬಯಿಯ ಅಣುಶಕ್ತಿನಗರದಲ್ಲಿದೆ. ವಸ್ತುವನ್ನು ಇಟ್ಟುಕೊಳ್ಳಬಹುದೇ, ಬಿಡುವುದಾದರೆ ಎಲ್ಲಿಗೆ ಒಪ್ಪಿಸಬೇಕು ಎಂಬುದನ್ನು ಅಲ್ಲಿಗೆ ಬರೆದು ತಿಳಿಯುವುದೇ ಕ್ರಮ. ಆ ವರೆಗೆ ಡಯಲನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುಚ್ಚಳವಿರುವ ಡಬ್ಬಿಯೊಳಗೆ ಹಾಕಿ, ವಾಸದ ಕೋಣೆಗಳಿಂದ ದೂರ ಗಾಳಿಯಾಡುವ ಕಡೆ ಇಟ್ಟು, ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಗಾಜು ಒಡೆದಿದ್ದರೆ ಗುಡಿಸುವ ಗೋಜಿಗೆ ಹೋಗದೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಸೇರಿಸಬೇಕು. ಮಕ್ಕಳೂ ಗರ್ಭಿಣಿಯರೂ ಆ ಕೆಲಸದ ಬಳಿ ಸುಳಿಯಬಾರದು.

ಸಂಗ್ರಹಾಲಯದವರ ನೀತಿಯೂ ವೈದ್ಯರ ನೀತಿಯೂ ಇಲ್ಲಿ ಒಂದೇ ಆಗುವುದು ವಿಶೇಷ. ಹಳೆಯ ವಸ್ತುವಿನ ಮೂಲ ಬಣ್ಣವನ್ನು ಕೆರೆದು ಹೊಸದನ್ನು ಬಳಿದರೆ ಅದರ ಚರಿತ್ರೆಯೇ ಅಳಿಸಿಹೋಗುತ್ತದೆಂದು ಸಂರಕ್ಷಣೆಯನ್ನು ಬಲ್ಲವರು ಹೇಳುತ್ತಾರೆ. ಚಾಲಕನ ಬೂಟು ತಾಗಿ ಸವೆದ ಜಾಗ, ನೆಲದ ಕೆಲಸಗಾರನು ಬರೆದ ಸಂಖ್ಯೆ, ಒಂದರ ಮೇಲೊಂದು ಬಳಿದ ಬಣ್ಣದ ಪದರಗಳು, ಇವೇ ಆ ವಿಮಾನದ ದಿನಚರಿ. ಥಳಥಳಿಸುವಂತೆ ಮಾಡಿದ ಕಾಕ್‌ಪಿಟ್ಟು ಮದುವೆಮನೆಯ ಹಿತ್ತಾಳೆ ಹಂಡೆಯಂತೆ ಕಣ್ಣಿಗೆ ಹಬ್ಬವಾದೀತು, ಆದರೆ ಅದು ಏನನ್ನೂ ಹೇಳದು. ಅನೇಕ ಸಂಗ್ರಹಾಲಯಗಳು ರೇಡಿಯಮ್ ಡಯಲುಗಳನ್ನು ತೆಗೆದು ಬೇರೆಡೆ ಭದ್ರಪಡಿಸಿ, ಅವುಗಳ ಸ್ಥಳದಲ್ಲಿ ಛಾಯಾಚಿತ್ರದಿಂದ ಮಾಡಿದ ಮುಖಗಳನ್ನು ಕೂರಿಸುತ್ತವೆ. ಗಾಜಿನ ಹಿಂದೆ ಅಚ್ಚು ಹಾಕಿದ ಕಾಗದವಿದೆಯೆಂದು ಎರಡಡಿ ದೂರದಿಂದ ಯಾರಿಗೂ ತಿಳಿಯುವುದಿಲ್ಲ. ಮನೆಯ ಹವ್ಯಾಸಿಗೂ ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ.

ಉಳಿದ ಅಪಾಯಗಳು

ಕಾಕ್‌ಪಿಟ್ಟಿನ ಒಳಮೈಗೆ ಬಳಿದ ಹಳದಿ ಮಿಶ್ರಿತ ಹಸಿರು ಬಣ್ಣವು ತುಕ್ಕು ತಡೆಯುವ ಸತುವಿನ ಕ್ರೋಮೇಟು. ಅದರಲ್ಲಿರುವ ಕ್ರೋಮಿಯಮ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಜಾತಿಯದು. ವಾಪಿ, ಅಂಕಲೇಶ್ವರ, ಸೂರತ್ತುಗಳ ರಾಸಾಯನಿಕ ಮತ್ತು ಬಣ್ಣದ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಈ ಹೆಸರು ಹೊಸದಲ್ಲ. ಈ ಬಣ್ಣವನ್ನು ಒಣ ಉಪ್ಪುಕಾಗದದಿಂದ ತಿಕ್ಕಬಾರದು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ, ಧೂಳನ್ನು ಸೋಸುವ ಸರಿಯಾದ ಮುಖಕವಚ ತೊಟ್ಟು ಮಾಡಬೇಕು. ಮೂಗಿಗೆ ಕಟ್ಟಿದ ಕರವಸ್ತ್ರದಿಂದ ಏನೂ ಆಗದು. ಹೊಂಬಣ್ಣದ ಬೋಲ್ಟುಗಳ ಮೇಲೆ ಕ್ಯಾಡ್ಮಿಯಮ್ ಲೇಪವಿರುತ್ತದೆ. ಸಡಿಲವಾಗಲೆಂದು ಅವುಗಳಿಗೆ ಬೆಂಕಿ ತಾಗಿಸಿದರೆ ಏಳುವ ಹೊಗೆ ಶ್ವಾಸಕೋಶವನ್ನು ಉರಿಸುತ್ತದೆ, ಬಹುಕಾಲದಲ್ಲಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಎಂಜಿನಿನ ಪಕ್ಕದ ಗೋಡೆಯಲ್ಲಿಯೂ ಹಳೆಯ ಹೊದಿಕೆಗಳಲ್ಲಿಯೂ ಕಲ್ನಾರು ಇರಬಹುದು.

ಧೂಳು ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ಗುಜರಾತಿನಲ್ಲಿದ್ದುಕೊಂಡು ತಿಳಿಯದಿರುವಂತಿಲ್ಲ. 1966ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಗಿರಣಿ ಕಾರ್ಮಿಕರ ಹತ್ತಿಧೂಳಿನ ಉಬ್ಬಸವನ್ನೂ, ಖಂಭಾತದಲ್ಲಿ ಅಕೀಕು ಕಲ್ಲು ಕೊರೆಯುವವರ ಸಿಲಿಕೋಸಿಸ್ ರೋಗವನ್ನೂ ಅಧ್ಯಯನ ಮಾಡಿದೆ. ಅಲ್ಲಿ ಕಂಡ ರೋಗಿಗಳು ಹೊಟ್ಟೆಪಾಡಿಗಾಗಿ ಧೂಳು ಕುಡಿದವರು. ವಿನೋದಕ್ಕಾಗಿ ಅದನ್ನು ಕುಡಿಯುವುದಕ್ಕೆ ಯಾವ ಸಮಾಧಾನವೂ ಇಲ್ಲ.

ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನದ ಬಗೆಗೆ ಒಂದೇ ಮಾತು. ಅದರಲ್ಲಿ ಸ್ಫೋಟಕಗಳಿರುತ್ತವೆ, ಕೆಲವು ವಿಮಾನಗಳ ಮೇಲ್ಗಾಜಿನಲ್ಲಿಯೂ ಇರುತ್ತವೆ. ಅವುಗಳನ್ನು ತೆಗೆದು ನಿರಪಾಯಗೊಳಿಸಲಾಗಿದೆಯೆಂಬ ಅಧಿಕೃತ ಪತ್ರವಿಲ್ಲದ ಆಸನದ ಹತ್ತಿರವೂ ಹೋಗತಕ್ಕದ್ದಲ್ಲ.

ವಿದ್ಯುತ್ತಿನ ವಿಷಯದಲ್ಲಿಯೂ ಜಾಗರೂಕತೆ ಅವಶ್ಯ. ವಿಮಾನದ ದೀಪಗಳೂ ಸ್ವಿಚ್ಚುಗಳೂ ಸಾಮಾನ್ಯವಾಗಿ 28 ವೋಲ್ಟಿನ ನೇರ ವಿದ್ಯುತ್ತಿಗೆ ಮಾಡಿದವು. ಅರ್ಧ ಶತಮಾನದ ಹಿಂದಿನ, ಹೊದಿಕೆ ಬಿರಿದ ತಂತಿಗಳಿಗೆ ಮನೆಯ 230 ವೋಲ್ಟನ್ನು ಕೊಟ್ಟರೆ ಅಲ್ಯೂಮಿನಿಯಮ್ಮಿನ ಗೂಡೆಲ್ಲ ವಿದ್ಯುನ್ಮಯವಾದೀತು. ಲಾರಿಗಳಿಗೆ ಬಳಸುವ 24 ವೋಲ್ಟಿನ ಬ್ಯಾಟರಿ ಸಾಕು.

ಸೆಕೆ, ತೇವ ಮತ್ತು ಮೇಲ್ಗಾಜು

ಅಹಮದಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಪಾರದರ್ಶಕ ಮುಚ್ಚಳದ ಕೆಳಗಿನ ಗೂಡು ಒಲೆಯಾಗುತ್ತದೆ. ಹೊರಗೆ 44 ಡಿಗ್ರಿ ಇದ್ದರೆ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಮೊಮ್ಮಕ್ಕಳನ್ನು ಕೂರಿಸಿ ಮುಚ್ಚಳ ಹಾಕುವ ಆಟ ಎಂದಿಗೂ ಕೂಡದು. ಅರವತ್ತು ದಾಟಿದವರೂ ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರೂ ಬೇಸಗೆಯಲ್ಲಿ ಬೆಳಗಿನ ಹೊತ್ತು ಮಾತ್ರ, ಮುಚ್ಚಳ ತೆರೆದೇ ಕೆಲಸ ಮಾಡಲಿ. ಗೂಡಿನ ಇಕ್ಕಟ್ಟು ಇಪ್ಪತ್ತೈದರ ಚಾಲಕನಿಗಾಗಿ ಮಾಡಿದ್ದು. ಅರವತ್ತೈದರ ಸೊಂಟವು ಅದರಲ್ಲಿ ಗಂಟೆಗಟ್ಟಲೆ ಬಾಗಿರಲಾರದು.

ಸೂರತ್ತಿನ ಕಷ್ಟ ಬೇರೆ. ಸಮುದ್ರ ಸಮೀಪದ ತೇವ ಮತ್ತು ಉಪ್ಪಿನ ಗಾಳಿಯಿಂದ ಅಲ್ಯೂಮಿನಿಯಮ್ ಬಿಳಿ ಹಿಟ್ಟಿನಂತೆ ಪುಡಿಯಾಗುತ್ತದೆ. ಉಕ್ಕಿನ ಮೊಳೆ ತಾಗಿದ ಕಡೆಯಲ್ಲಂತೂ ಇನ್ನೂ ಬೇಗ. ಮಳೆಗಾಲದಲ್ಲಿ ಆಸನದ ಬಟ್ಟೆಗೂ ಪಟ್ಟಿಗೂ ಬೂಸ್ಟು ಹಿಡಿಯುತ್ತದೆ. ಉಬ್ಬಸವಿರುವವರಿಗೆ ಅದು ಶತ್ರು. ವಡೋದರಾದಲ್ಲಿ ವಿಶ್ವಾಮಿತ್ರಿಯ ನೆರೆ ನುಗ್ಗುವ ಬಡಾವಣೆಗಳಲ್ಲಿ ನೆಲಮಾಳಿಗೆಯ ಆಸೆಯನ್ನೇ ಬಿಡಬೇಕು. ಮೇಲ್ಗಾಜು ಎಂದು ಕರೆದರೂ ಅದು ಗಾಜಲ್ಲ, ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್ಕು. ಸ್ಪಿರಿಟ್ಟು, ಪೆಟ್ರೋಲು, ಕಿಟಕಿಗೆ ಹಚ್ಚುವ ಅಮೋನಿಯ ದ್ರವ, ಇವು ಸೋಕಿದರೆ ಕೂದಲೆಳೆಯಂತಹ ಸಾವಿರ ಬಿರುಕುಗಳು ಮೂಡುತ್ತವೆ. ತಣ್ಣೀರು, ಒಂದಿಷ್ಟು ಸೌಮ್ಯ ಸಾಬೂನು, ಮೃದುವಾದ ಹತ್ತಿಬಟ್ಟೆ, ಇಷ್ಟೇ ಅದಕ್ಕೆ ಬೇಕಾದದ್ದು. ಉಪಕರಣಗಳ ಹಿಂದಿನ ತಗಡಿನ ಸೂಕ್ಷ್ಮ ಅಕ್ಷರಗಳನ್ನು ಓದಲು ಸೂರತ್ತಿನ ವಜ್ರದ ಕೆಲಸಗಾರರು ಕಣ್ಣಿಗೆ ಹಿಡಿಯುವ ಚಿಕ್ಕ ಭೂತಗನ್ನಡಿ ಬಹಳ ಉಪಯುಕ್ತ. ಡಯಲನ್ನು ತೆರೆಯದೆಯೇ ಅದರ ತಯಾರಕರು ಯಾರು, ವರ್ಷ ಯಾವುದು ಎಂಬುದೆಲ್ಲ ಆ ತಗಡಿನಿಂದ ಗೊತ್ತಾಗುತ್ತದೆ.

2024ರ ಅಕ್ಟೋಬರಿನಲ್ಲಿ ವಡೋದರಾದಲ್ಲಿಯೇ ವಾಯುಪಡೆಯ ಸಿ-295 ಸಾಗಣೆ ವಿಮಾನಗಳನ್ನು ಜೋಡಿಸುವ ಕಾರಖಾನೆ ಉದ್ಘಾಟನೆಯಾಯಿತು. ಅವುಗಳ ಕಾಕ್‌ಪಿಟ್ಟಿನಲ್ಲಿ ಡಯಲುಗಳ ಸ್ಥಳವನ್ನು ಬಣ್ಣದ ಪರದೆಗಳು ಆಕ್ರಮಿಸಿವೆ. ಮುಳ್ಳು, ಅಂಕಿ, ಗಾಜುಗಳ ಆ ಹಳೆಯ ಲೋಕವನ್ನು ಮುಂದಿನವರು ನೋಡಬೇಕಾದರೆ ಯಾರಾದರೂ ಅದನ್ನು ಉಳಿಸಿರಬೇಕು. ಆದುದರಿಂದ ಮನೆಯಲ್ಲಿ ಅಂತಹ ಒಂದು ಉಪಕರಣವಿದ್ದವರು ಎರಡು ಕೆಲಸ ಮಾಡಬಹುದು. ಅದು ಯಾವ ವಿಮಾನದ್ದು, ಯಾವ ನೆಲೆಯಲ್ಲಿ ಯಾರಿಗೆ ಎಂದು ಸಿಕ್ಕಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡುವುದು ಮೊದಲನೆಯದು. ಎರಡನೆಯದು, ಡಬ್ಬಿಯ ಮೇಲೆ ಅಂಟಿಸುವ ಚೀಟಿ: ‘ಒಳಗೆ ರೇಡಿಯಮ್ ಇದೆ, ತೆರೆಯಬೇಡಿ.’ ಕನ್ನಡ, ಗುಜರಾತಿ, ಇಂಗ್ಲಿಷ್ ಮೂರರಲ್ಲಿಯೂ ಬರೆದಿರಬೇಕು. ಇಂದು ಅದನ್ನು ಬಲ್ಲವರು ಇಲ್ಲದ ದಿನ ಕಪಾಟನ್ನು ಖಾಲಿಮಾಡುವವರು ಯಾವ ಭಾಷೆಯವರೋ ಹೇಳಲಾಗದು.